ಸಮುರಾಯ್ ಹೆಂಡತಿಗೆ ಮೂರೇ ಸಾಲು

ಹೆಂಡತಿ: ಸುತ್ತಿ ಬಳಸಿ ಮಾತಾಡ್ಬೇಡಿ. ಅವಳನ್ನ ಯಾಕೆ ಕೊಂದ್ರಿ, ಅಷ್ಟು ಹೇಳಿ.

ಗಂಡ: ಮೆಲ್ಲಗೆ ಕಣೇ. ಅಂಗಡಿ ಬಾಗಿಲು ತೆಗೆದಿದೆ.

ಹೆಂಡತಿ: ಕೊಲ್ಲುವಾಗ ಇಲ್ಲದ ನಾಚಿಕೆ ಈಗ ಬಂತೇನು?

ಗಂಡ: ಕಥೆಗೆ ಬೇಕಿತ್ತು, ಕೊಂದೆ. ಅವಳು ಬದುಕಿದ್ರೆ ಅವನು ಮನೆ ಬಿಟ್ಟು ಕದಲೋದು ಹೇಗೆ? ಅವನು ಕದಲದೆ ನಾನು ಹನ್ನೆರಡು ಸಂಪುಟ ತುಂಬೋದು ಹೇಗೆ?

ಹೆಂಡತಿ: ಓಹೋ, ಹನ್ನೆರಡು ಸಂಪುಟ! ಅದರಲ್ಲಿ ಹೆಂಡತಿಗೆ ಎಷ್ಟು ಜಾಗ ಕೊಟ್ಟಿದ್ದೀರಿ ಗೊತ್ತಾ? ಬಾಯಿಪಾಠ ಆಗಿದೆ ನನಗೆ, ಕೇಳಿ. "ಹೆಂಡತಿಗೆ ಜ್ವರ ಬಂತು. ಹೆಂಡತಿ ಸತ್ತಳು. ಸಮುರಾಯ್ ಆಕಾಶ ನೋಡಿದ." ಮುಗೀತು. ಮೂರೇ ಸಾಲು. ಅದರಲ್ಲೂ ಮೂರನೇದು ಆಕಾಶದ್ದು.

ಅದೊಂದು ಕನ್ನಡಕದ ಅಂಗಡಿ. ಮುಂದುಗಡೆ ಗಾಜಿನ ಕೌಂಟರು, ಅದರ ಹಿಂದೆ ಹೆಂಡತಿ. ಒಳಗೆ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು, ಗಾಜು ಉಜ್ಜುವ ಚಕ್ರದ ಮುಂದೆ ಗಂಡ. ಗೋಡೆಯ ಮೇಲೆ ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಪಟ. ಇಪ್ಪತ್ತಾರು ವರ್ಷ ಊರವರ ಕಣ್ಣಿಗೆ ಗಾಜು ಕೂರಿಸುತ್ತ ತನ್ನ ಪಾಡಿಗೆ ತಾನಿದ್ದ ಮನುಷ್ಯ, ಒಂಬತ್ತು ತಿಂಗಳ ಹಿಂದೆ ಇದ್ದಕ್ಕಿದ್ದ ಹಾಗೆ ಕಾದಂಬರಿಕಾರನಾಗಿಬಿಟ್ಟಿದ್ದ. ಅದೂ ಅಂತಿಂಥ ಕಾದಂಬರಿಗೆ ಅವನು ಕೈ ಹಾಕಿರಲಿಲ್ಲ. ನಾನೂರು ವರ್ಷ ಹಿಂದಿನ ಜಪಾನಿನಲ್ಲಿ ಒಬ್ಬ ಸಮುರಾಯ್, ಕತ್ತಿಯೇ ಕಸುಬಾದ ವೀರ. ಅವನ ಬದುಕು ಹನ್ನೆರಡು ಸಂಪುಟಗಳಲ್ಲಿ. ಯೋಜನೆಯೆಲ್ಲ ಕಣ್ಣು ಪರೀಕ್ಷೆಯ ಚೀಟಿಗಳ ಬೆನ್ನ ಮೇಲೆ, ಚೀಟಿಗಳೆಲ್ಲ ಫ್ರೇಮು ತುಂಬಿ ಬಂದಿದ್ದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಗಿತ್ತು. ಅಂಗಡಿಯಲ್ಲಿ ಇದ್ದವರು ಇಬ್ಬರೇ ಆದ್ದರಿಂದ 'ಯಾರೂ' ಅಂದರೆ ಯಾರೆಂದು ಹೆಂಡತಿಗೆ ತಿಳಿಯಿತು. ಮೊನ್ನೆ ಕಪಾಟು ಒರೆಸುವ ನೆಪದಲ್ಲಿ ಅದನ್ನು ಕೆಳಗಿಳಿಸಿದಳು. ಎರಡು ದಿನ ಕೌಂಟರಿನ ಕೆಳಗಿಟ್ಟುಕೊಂಡು ಚೀಟಿ ಚೀಟಿಯನ್ನೂ ಓದಿದಳು. ಒಂದನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಅಂದಿನಿಂದ ಅವಳ ಮಾತಿನಲ್ಲಿ ಉಪ್ಪುಖಾರ ಒಂದು ಹಿಡಿ ಹೆಚ್ಚಾಗಿತ್ತು.

ಗಂಡ: ನಾಲ್ಕು ಮಾತು ಹೇಳೋ ಕಡೆ ಒಂದೇ ಮಾತು ಹೇಳ್ಬೇಕು ಕಣೇ. ಸಾಹಿತ್ಯದಲ್ಲಿ ಅದು ದೊಡ್ಡ ಗುಣ.

ಹೆಂಡತಿ: ಕುದುರೆ ಹತ್ರ ಬಂದಾಗ ಆ ಗುಣ ಎಲ್ಲಿಗೆ ಹೋಗಿತ್ತು? ಕುದುರೆಗೆ ಹನ್ನೊಂದು ಚೀಟಿ! ಬಣ್ಣ, ಸುಳಿ, ಹಲ್ಲು, ಅದರ ತಾಯಿ ಕುದುರೆಯ ಸ್ವಭಾವ. ಕಾರ್ಮಿಂಚು ಅಂತ ಹೆಸರು ಬೇರೆ. ಹೆಂಡತಿ ಹೆಸರೇನು?

ಗಂಡ: ಮೂರು ಸಾಲಿಗೆ ಹೆಸರು ಯಾತಕ್ಕೆ?

ಹೆಂಡತಿ: ಅದೂ ಸರಿ. ಕರೆದರೆ ತಿರುಗಿ ನೋಡೋಕೆ ಅವಳು ಬದುಕಿರ್ಬೇಕಲ್ಲ.

ಗಂಡ: ನಿನಗೆ ಆ ಕಾಲದ ಇತಿಹಾಸ ಗೊತ್ತಿಲ್ಲ, ಅದಕ್ಕೆ ಹೀಗೆಲ್ಲ ಮಾತಾಡ್ತೀಯ. ಒಡೆಯನನ್ನ ಕಳ್ಕೊಂಡ ಸಮುರಾಯ್‌ಗೆ ರೋನಿನ್ ಅಂತಾರೆ. ಅವನಿಗೆ ಮನೆಯಿಲ್ಲ, ಮಠವಿಲ್ಲ. ಕತ್ತಿ ಸಿಕ್ಕಿಸ್ಕೊಂಡು ಊರೂರು ಅಲೀತಾನೆ.

ಹೆಂಡತಿ: ಒಡೆಯ ಸತ್ತರೆ ಅಲೀತಾನೆ.

ಗಂಡ: ಹೂಂ.

ಹೆಂಡತಿ: ಹಾಗಾದ್ರೆ ಒಡೆಯನನ್ನ ಸಾಯಿಸಿ!

ಗಂಡ: ಒಡೆಯ ಒಂಬತ್ತನೇ ಸಂಪುಟದವರೆಗೆ ಬೇಕು. ಅವನು ಎರಡು ಮುತ್ತಿಗೆ ಹಾಕೋದಿದೆ, ಒಂದು ಒಪ್ಪಂದ ಮುರಿಯೋದಿದೆ.

ಹೆಂಡತಿ: ಪಾಪ, ಬಿಡುವಿಲ್ಲ ಅವನಿಗೆ. ಕೈಯಲ್ಲಿ ಕೆಲಸ ಇಲ್ಲದೆ ಕೂತಿದ್ದವಳು ಹೆಂಡತಿ ಒಬ್ಬಳೇ, ಅವಳನ್ನ ಸಾಯಿಸಿದ್ರಿ. ಅದಿರ್ಲಿ, ಒಡೆಯ ಬದುಕಿರುವಾಗ ಇವನು ರೋನಿನ್ ಹೇಗಾದ?

ಗಂಡ ಚಕ್ರ ತಿರುಗಿಸಿದ. ಗಾಜು ಇಲ್ಲದ ಚಕ್ರ ಬರಿದೇ ಕಿರ್ರೆಂದಿತು.

ಹೆಂಡತಿ: ತಿರುಗ್ಸಿ, ತಿರುಗ್ಸಿ. ಇತಿಹಾಸ ನುಣ್ಣಗಾಗ್ಲಿ. ಒಟ್ಟಿನಲ್ಲಿ ಹೆಂಡತೀನ ಕೊಂದದ್ದಕ್ಕೆ ನಿಮ್ಮ ಹತ್ರ ಒಂದು ನೆಟ್ಟಗಿನ ಕಾರಣ ಇಲ್ಲ.

ಅಷ್ಟರಲ್ಲಿ ಗಾರ್ಡ್ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಮೂವತ್ತೊಂದು ವರ್ಷ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಹಸಿರು ಬಾವುಟ ಬೀಸಿ ನಿವೃತ್ತರಾದವರು. ಬಲಗೈಯಲ್ಲಿ ಅವರ ಕನ್ನಡಕವಿತ್ತು, ಎಡಗೈಯಲ್ಲಿ ಅದರಿಂದ ಕಳಚಿಬಂದ ಕಡ್ಡಿ. ಕನ್ನಡಕ ಮೂಗಿನ ಮೇಲಿಲ್ಲದಿದ್ದರೆ ಎದುರಿಗಿರುವುದು ಗಂಡಸೋ ಹೆಂಗಸೋ ಕಪಾಟೋ ಅವರಿಗೆ ತಿಳಿಯುತ್ತಿರಲಿಲ್ಲ. ಕಿವಿ ಚುರುಕಾಗಿಯೇ ಇತ್ತು. ಆದರೆ ಕೇಳಿದ್ದನ್ನೆಲ್ಲ ತಮಗೆ ಗೊತ್ತಿರುವುದಕ್ಕೆ ತಗುಲಿಹಾಕುವ ಅಭ್ಯಾಸ.

ಗಾರ್ಡು: ನಾನು ಆಮೇಲೆ ಬರ್ಲೇನಮ್ಮ? ಕೊಲೆ ವಿಚಾರಣೆ ನಡೀತಿರೋ ಹಾಗಿದೆ.

ಹೆಂಡತಿ: ಬನ್ನಿ ಸಾರ್, ಬನ್ನಿ. ನಾನು ಈ ಕಡೆ ಇದ್ದೀನಿ, ಅದು ಕಪಾಟು.

ಗಾರ್ಡು: ಯಾರು ಹೋಗಿದ್ದು?

ಹೆಂಡತಿ: ಸಮುರಾಯ್ ಹೆಂಡತಿ.

ಗಾರ್ಡು: ಅಯ್ಯಯ್ಯೋ! ಶಾಮರಾಯ್ರ ಹೆಂಡತಿನಾ? ಮೊನ್ನೆ ತಾನೆ ಬಸ್ ಸ್ಟಾಪಲ್ಲಿ ನೋಡಿದ್ನಲ್ಲ, ಗಟ್ಟಿಮುಟ್ಟಾಗಿದ್ರು!

ಗಂಡ: ಶಾಮರಾಯ್ರಲ್ಲ ಸಾರ್, ಸಮುರಾಯ್.

ಗಾರ್ಡು: ನಾನು ಹೇಳಿದ್ದೂ ಅವರನ್ನೇ. ಏನಾಗಿತ್ತಮ್ಮ?

ಹೆಂಡತಿ: ಜ್ವರ. ಒಂದು ಸಾಲಲ್ಲಿ ಬಂತು, ಇನ್ನೊಂದು ಸಾಲಲ್ಲಿ ಕರ್ಕೊಂಡು ಹೋಯ್ತು.

ಗಾರ್ಡು: ಡಾಕ್ಟರಿಗೆ ತೋರಿಸ್ಲಿಲ್ವಾ ಆ ಮನುಷ್ಯ?

ಹೆಂಡತಿ: ಆಕಾಶ ನೋಡ್ತಾ ನಿಂತಿದ್ರಂತೆ.

ಗಾರ್ಡು: ಶಾಮರಾಯ್ರೇ ಹಾಗೆ! ಮನೆಗೆ ಬೆಂಕಿ ಬಿದ್ರೂ ಮೊದಲು ಮೋಡ ಕಟ್ಟಿದೆಯಾ ಅಂತ ನೋಡೋ ಪೈಕಿ. ಯಾವಾಗ ಹೋಗಿದ್ದು?

ಗಂಡ: ನಾನೂರು ವರ್ಷ ಆಯ್ತು ಸಾರ್!

ಗಾರ್ಡು: ನಾನೂರು ವರ್ಷ ಆಗಿದೆ, ನನಗೆ ಈಗ ಹೇಳ್ತಿದ್ದೀರಿ!

ಗಾರ್ಡ್ ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಜಪಾನು, ಸಮುರಾಯ್, ಹನ್ನೆರಡು ಸಂಪುಟ ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಗಂಡನಿಗೆ ಸಾಕುಸಾಕಾಯಿತು. ಎಲ್ಲ ಕೇಳಿದ ಮೇಲೆ ಅವರಿಗೆ ಸ್ವಲ್ಪ ನಿರಾಸೆಯೇ ಆದಂತೆ ಕಂಡಿತು.

ಗಾರ್ಡು: ಹಾಗಾದ್ರೆ ಶಾಮರಾಯ್ರ ಹೆಂಡತಿ ಚೆನ್ನಾಗಿದ್ದಾರೆ?

ಹೆಂಡತಿ: ನೀವೇ ಮೊನ್ನೆ ನೋಡಿದ್ದೀರಲ್ಲ ಸಾರ್.

ಗಾರ್ಡು: ಸರಿ, ಸರಿ. ಇರ್ಲಿ ಪಾಪ. ಈ ಕಡ್ಡಿಗೆ ಒಂದು ಸ್ಕ್ರೂ ಹಾಕಿಕೊಡಿ ಯಜಮಾನ್ರೇ. ಹಾಕ್ಕೊಂಡೇ ನಿದ್ದೆ ಹೋಗಿ ಹೊರಳಿದೆ, ಕಳಚಿಕೊಂಡು ಬಂತು.

ಗಂಡ ಕನ್ನಡಕವನ್ನು ಬೆಳಕಿಗೆ ಹಿಡಿದು, ಸಾಸಿವೆಯಷ್ಟು ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿಕೊಂಡ. ಒಬ್ಬ ಗಂಡಸು ಅಂಗಡಿಗೆ ಬಂದದ್ದರಿಂದ ಅವನಿಗೆ ಧೈರ್ಯವೂ ಬಂದಿತ್ತು.

ಗಂಡ: ನೀವೇ ನ್ಯಾಯ ಹೇಳಿ ಸಾರ್. ಊರೂರು ತಿರುಗಿದವರು. ಹೆಂಡತಿ ಇರೋ ಗಂಡಸಿಗೆ ಹಾಗೆ ಅಲೆಯೋಕೆ ಆಗುತ್ತಾ?

ಗಾರ್ಡು: ಯಾಕಾಗಲ್ಲ? ಮೂವತ್ತೊಂದು ವರ್ಷ ಅಲೆದಿದ್ದೀನಿ. ಮದುವೆಯಾದ ಮೂರನೇ ದಿನ ಹತ್ತಿದ ರೈಲು ಅದು.

ಹೆಂಡತಿ: ಕೇಳಿಸ್ಕೊಂಡ್ರಾ? ಮೂವತ್ತೊಂದು ವರ್ಷ. ಯಾರನ್ನೂ ಕೊಲ್ಲದೆ.

ಗಾರ್ಡು: ಹೆಂಡತಿ ಇದ್ದಳು, ಅದಕ್ಕೇ ಅಲೆದೆ ಅನ್ನಿ. ಸಂಜೆ ಮನೇಲಿ ಒಬ್ಬಳು ದೀಪ ಹಾಕ್ತಾಳೆ ಅಂತ ಗೊತ್ತಿದ್ರೆ ಎಷ್ಟು ದೂರ ಬೇಕಾದ್ರೂ ಹೋಗ್ಬಹುದು.

ಗಂಡ: ಅದು ನೌಕರಿಯ ಅಲೆದಾಟ ಸಾರ್. ದುಃಖದ ಅಲೆದಾಟ ಬೇರೆ. ಬೇಜಾರು ಮಾಡ್ಕೋಬೇಡಿ, ನಿಮ್ಮ ಮನೆಯವರು ತೀರಿಕೊಂಡ ಮೇಲೆ ನಿಮಗೂ ಎಲ್ಲ ಬಿಟ್ಟು ಹೊರಟುಬಿಡೋಣ ಅನ್ನಿಸ್ಲಿಲ್ವಾ?

ಗಾರ್ಡು: ಅನ್ನಿಸ್ತಲ್ಲ. ಹೊರಟೂ ಬಿಟ್ಟೆ.

ಗಂಡ: ನೋಡಿದ್ಯಾ? ಎಲ್ಲಿಗೆ ಸಾರ್?

ಗಾರ್ಡು: ಅಡುಗೆಮನೆಗೆ. ಸಕ್ಕರೆ ಹುಡುಕೋಕೆ. ಮೂರು ದಿನ ಹಿಡೀತು.

ಹೆಂಡತಿಗೆ ನಗು ಉಕ್ಕಿತು. ನಕ್ಕದ್ದಕ್ಕೆ ಪಿಚ್ಚೆನ್ನಿಸಿ ಬಾಯಿಗೆ ಸೆರಗು ಒತ್ತಿಕೊಂಡಳು.

ಗಾರ್ಡು: ನಗು ತಾಯಿ, ನಗೋ ವಿಷಯಾನೇ. ಸಕ್ಕರೆ ಡಬ್ಬೀಲಿ ಬರೀ ಗುಂಡಿ, ಸೂಜಿ. ಸಕ್ಕರೆ ಇದ್ದದ್ದು ನಾನು ಡ್ಯೂಟಿಗೆ ಒಯ್ತಿದ್ದ ಊಟದ ಡಬ್ಬೀಲಿ. ನಿವೃತ್ತಿ ಆದ ಮೇಲೆ ಅದಕ್ಕೆ ಬೇರೆ ಕೆಲಸ ಕೊಟ್ಟಿದ್ಲು. ನನಗೆ ಮಾತ್ರ ಏನೂ ಕೊಡಲಿಲ್ಲ.

ಹೊರಗೆ ಯಾವುದೋ ಸೈಕಲ್ಲಿನ ಗಂಟೆ ಕೇಳಿಸಿ ದೂರವಾಯಿತು.

ಗಾರ್ಡು: ಎರಡು ವರ್ಷ ಆಯ್ತು ಯಜಮಾನ್ರೇ. ಪಾಸಿದೆ ನನ್ನ ಹತ್ರ, ಯಾವ ರೈಲಿಗೆ ಬೇಕಾದ್ರೂ ಹತ್ತಬಹುದು. ಹತ್ತಲ್ಲ. ಹೋಗೋದೇನೋ ಹೋದೇನು, ವಾಪಸ್ ಬರೋದು ಯಾರ ಹತ್ರ? ನಿಮ್ಮ ಶಾಮರಾಯ್ರೂ ಅಷ್ಟೇ. ಕತ್ತಿ ಇರ್ಲಿ, ತೋಪು ಇರ್ಲಿ, ಹೊಸ್ತಿಲು ದಾಟಲ್ಲ. ಬರೆದಿಟ್ಕೊಳ್ಳಿ.

ಹೆಂಡತಿ: ದಾಟಿಯೂ ಇಲ್ಲ ಸಾರ್! ಅದೇ ಮಜಾ. ಒಂಬತ್ತು ತಿಂಗಳ ಚೀಟಿ ಎಲ್ಲ ಓದಿದೆ. ಕೋಟೆಗೆ ನಕ್ಷೆ ಇದೆ, ಚಪ್ಪಲಿ ಕಟ್ಟೋ ವಿಧಾನ ಇದೆ, ಶತ್ರುವಿನ ಮುತ್ತಜ್ಜನ ಮದುವೆ ಇದೆ. ಹೀರೋ ಮಾತ್ರ ಮೊದಲ ಪುಟದ ಮೂರನೇ ಸಾಲಲ್ಲಿ ನಿಂತವನು ನಿಂತ ಹಾಗೇ ಇದ್ದಾನೆ. ಒಂಬತ್ತು ತಿಂಗಳಿಂದ ಆಕಾಶ ನೋಡ್ತಿದ್ದಾನೆ. ಕುತ್ತಿಗೆ ಹಿಡ್ಕೊಳಲ್ವೇನ್ರೀ ಅವನಿಗೆ?

ಗಂಡ: ಯೋಜನೆ ನಡೀತಿದೆ ಅಂದ್ನಲ್ಲ!

ಹೆಂಡತಿ: ನಡೀತಿರೋದು ಯೋಜನೆ ಒಂದೇ.

ಗಂಡನ ಚಿಮಟದಿಂದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಗಂಡ ಮಂಡಿಯೂರಿದ, ಹೆಂಡತಿ ಮಂಡಿಯೂರಿದಳು. ಗಾರ್ಡ್ ಸಾಹೇಬರು ತಾವೂ ನೆರವಾಗುತ್ತೇನೆಂದು ಎದ್ದು, ಹಾಗೆಯೇ ಕೂತುಕೊಳ್ಳಿ ಎನ್ನಿಸಿಕೊಂಡು ಕೂತರು. ಕೌಂಟರಿನ ಕೆಳಗೆ, ಧೂಳಿನ ನಡುವೆ, ಗಂಡಹೆಂಡಿರ ತಲೆಗಳು ಹತ್ತಿರವಾದವು. ಎರಡು ದಿನದಿಂದ ಹೆಂಡತಿ ಆಡಬೇಕೆಂದುಕೊಂಡಿದ್ದ ಮಾತು ಅಲ್ಲಿ ಹೊರಬಿತ್ತು. ಪರ್ಸು ತೆಗೆದು ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದಳು.

ಹೆಂಡತಿ: ಇದು ಯಾವ ಚೀಟಿ?

ಗಂಡ: ಅದೇ... ಮೂರು ಸಾಲಿನದು.

ಹೆಂಡತಿ: ಯಾವ ಚೀಟಿ ಮುಟ್ಟಿದ್ರೂ ಮೂಲೇಲಿ ತಾರೀಕು ಬರೆಯೋದು ನಿಮ್ಮ ಅಭ್ಯಾಸ. ಓದಿ ತಾರೀಕು.

ಗಂಡ ಸ್ಕ್ರೂ ಹುಡುಕುವವನಂತೆ ನೆಲ ತಡವಿದ.

ಹೆಂಡತಿ: ನಾನೇ ಓದ್ತೀನಿ ಬಿಡಿ. ಒಂಬತ್ತು ತಿಂಗಳ ಹಿಂದೆ, ಹೊಟ್ಟೆಯೊಳಗಿನ ಗಡ್ಡೆ ತೆಗೆಯೋಕೆ ಅಂತ ಆಸ್ಪತ್ರೇಲಿ ನನ್ನನ್ನ ಒಳಗೆ ತಳ್ಕೊಂಡು ಹೋದ ದಿನ ಇದು. ನಾನು ಒಳಗೆ ಆಪರೇಷನ್ ಮೇಜಿನ ಮೇಲೆ. ನೀವು ಹೊರಗೆ ಬೆಂಚಿನ ಮೇಲೆ ಕೂತು ಹೆಂಡತಿ ಸತ್ತಳು ಅಂತ ಬರೀತಿದ್ದೀರಿ. ಬರೆದು ಆಕಾಶ ಬೇರೆ ನೋಡಿದ್ದೀರಿ! ಅಷ್ಟು ಅವಸರ ಆಗಿತ್ತಾ ನಿಮಗೆ? ಡಾಕ್ಟರು ಬಂದು ಹೇಳೋವರೆಗೂ ಕಾಯೋಕಾಗ್ಲಿಲ್ವಾ?

ವ್ಯಂಗ್ಯ ಮಾಡಬೇಕೆಂದೇ ಹೊರಟ ಮಾತು. ಕೊನೆಗೆ ಬರುವಷ್ಟರಲ್ಲಿ ಅದರಲ್ಲಿ ವ್ಯಂಗ್ಯ ಉಳಿದಿರಲಿಲ್ಲ. ಗಾರ್ಡ್ ಸಾಹೇಬರು ಮೆಲ್ಲನೆ ಎದ್ದರು.

ಗಾರ್ಡು: ನಾನು ನಾಳೆ ಬರ್ತೀನಿ.

ಗಂಡ: ಕೂತ್ಕೊಳ್ಳಿ ಸಾರ್. ನೀವು ಹೋಗ್ತಿರೋದು ಕನ್ನಡಿ ಕಡೆಗೆ.

ಗಾರ್ಡ್ ಸಾಹೇಬರು ಕೂತರು. ಗಂಡ ನೆಲದ ಮೇಲೆಯೇ, ಕೌಂಟರಿಗೆ ಬೆನ್ನು ಕೊಟ್ಟು, ಕಾಲು ಚಾಚಿಕೊಂಡ.

ಗಂಡ: ಎರಡು ಗಂಟೆಯ ಕೆಲಸ ಅಂದಿದ್ರು. ಐದು ಗಂಟೆ ಆಯ್ತು. ಒಬ್ರೂ ಹೊರಗೆ ಬರ್ಲಿಲ್ಲ. ಎದುರಿನ ಗೋಡೆ ಮೇಲೆ ಒಂದು ಕ್ಯಾಲೆಂಡರು. ಅದರಲ್ಲಿ ಒಬ್ಬ ಸಮುರಾಯ್, ಕತ್ತಿ ಹಿಡ್ಕೊಂಡು ನಿಂತಿದ್ದ. ಅಲ್ಲಿ ನೋಡೋಕೆ ಬೇರೆ ಏನೂ ಇರ್ಲಿಲ್ಲ ಕಣೇ. ಒಂದು ಆ ಬಾಗಿಲು, ಇನ್ನೊಂದು ಅವನು. ಬಾಗಿಲು ನೋಡೋಕೆ ಆಗ್ತಿರ್ಲಿಲ್ಲ.

ಹೆಂಡತಿ: ಅದಕ್ಕೆ?

ಗಂಡ: ಸಾವು ಅಲ್ಲೇ ಎಲ್ಲೋ ಓಡಾಡ್ತಿದೆ ಅನ್ನಿಸ್ತು. ಅದಕ್ಕೊಂದು ಬೇರೆ ವಿಳಾಸ ಬರ್ಕೊಟ್ಟರೆ ಅಲ್ಲಿಗೆ ಹೋದೀತೇನೋ ಅಂತ. ದೂರದ್ದೇ ಕೊಟ್ಟೆ. ಜಪಾನು. ಅದೂ ನಾನೂರು ವರ್ಷ ಹಿಂದೆ. ಅಷ್ಟು ದೂರ ಹೋದದ್ದು ಮತ್ತೆ ಈ ಕಡೆ ಬರಲ್ಲ ಅಂತ ಲೆಕ್ಕ. ಮೂರನೇ ಸಾಲು ಬರೆದು ತಲೆ ಎತ್ತಿದೆ. ನರ್ಸಮ್ಮ ಬಂದು, ನಿಮ್ಮವರು ಕಣ್ಣು ಬಿಟ್ರು ಅಂದ್ರು.

ಹೆಂಡತಿ ಚೀಟಿಯನ್ನು ನೋಡಿದಳು. ಎರಡು ದಿನದಲ್ಲಿ ಎಷ್ಟೋ ಸಲ ಓದಿದ್ದ ಸಾಲುಗಳು. ಈಗ ನೋಡಿದರೆ ಅಕ್ಷರಗಳು ಗುಡ್ಡ ಹತ್ತಿ ಇಳಿದಂತೆ ವಕ್ರವಾಗಿದ್ದವು. ಕೂದಲೆಳೆಯಷ್ಟು ಅಳತೆ ತಪ್ಪದೆ ಗಾಜು ಉಜ್ಜುವ ಕೈಯ ಬರಹ ಅದು ಎಂದರೆ ಯಾರೂ ನಂಬುವಂತಿರಲಿಲ್ಲ.

ಹೆಂಡತಿ: ಅಂದ್ರೆ ನನ್ನ ಬದಲಿಗೆ ಅವಳನ್ನ ಕಳಿಸಿದ್ರಿ.

ಗಂಡ: ಹೂಂ.

ಹೆಂಡತಿ: ಹೆಸರೂ ಇಡದೆ.

ಗಂಡ: ಹೆಸರಿಟ್ಟಿದ್ರೆ ಕಳಿಸೋಕೆ ಆಗ್ತಿರ್ಲಿಲ್ಲ.

ಹೆಂಡತಿ: ಮತ್ತೆ ಈ ಕುದುರೆ, ಕೋಟೆ, ಮುತ್ತಜ್ಜನ ಮದುವೆ?

ಗಂಡ: ಪುಕ್ಕಟೆ ಒಂದು ಜೀವ ತಗೊಂಡ ಮೇಲೆ ಹಾಗೇ ಬಿಟ್ಟುಬಿಡೋಕಾಗುತ್ತಾ? ಅವಳ ಹೆಸರಲ್ಲಿ ದೊಡ್ಡದೊಂದು ಕಥೆ ಕಟ್ಟೋಣ ಅಂತ ಕೂತೆ. ಕುದುರೆ ಬಂತು, ಕೋಟೆ ಬಂತು. ಅವನು ಹೊರಡ್ಲಿಲ್ಲ.

ಗಾರ್ಡು: ನಾನು ಹೇಳಿದ್ನಲ್ಲ.

ಹೆಂಡತಿ ಗಾಜು ಒರೆಸುವ ಮಖಮಲ್ಲಿನ ಚೂರಿನಿಂದ ಕಣ್ಣೊರೆಸಿಕೊಂಡಳು. ಬೇರೆ ದಿನವಾಗಿದ್ದರೆ ಗಂಡ ಅದಕ್ಕೊಂದು ಮಾತು ಅನ್ನುತ್ತಿದ್ದ. ಇವತ್ತು ಇನ್ನೊಂದು ಚೂರನ್ನೂ ಅವಳ ಕಡೆ ಸರಿಸಿದ.

ಹೆಂಡತಿ: ಬದುಕಿಸಿ ಅವಳನ್ನ.

ಗಂಡ: ಬೇಡ ಕಣೇ.

ಹೆಂಡತಿ: ಯಾಕೆ? ಒಡೆಯನ ಅಪ್ಪಣೆ ಬೇಕಾ?

ಗಂಡ: ಭಯ ಆಗುತ್ತೆ. ಅಲ್ಲಿ ಆ ಸಾವನ್ನ ಅಳಿಸಿದ್ರೆ ಅದು ತಿರುಗಿ ಇಲ್ಲಿಗೆ...

ಐವತ್ತಾರು ವರ್ಷದ ಗಂಡಸು, ಮೂರು ಸಾಲಿನ ಒಂದು ಚೀಟಿಗೆ ಒಂಬತ್ತು ತಿಂಗಳು ಹೆದರಿಕೊಂಡಿದ್ದನೆಂದು ಹೆಂಡತಿಗೆ ಆಗ ಅರ್ಥವಾಯಿತು. ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು ಅಂದದ್ದೂ ಅದಕ್ಕೇ. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಮಾತಿಗೆ ತೊಂದರೆಯಿರಲಿಲ್ಲ.

ಹೆಂಡತಿ: ಹೋದ ವಾರ ತಾನೆ ಡಾಕ್ಟರು ಎಲ್ಲ ನೋಡಿ, ಇನ್ನು ಒಂದು ವರ್ಷ ಈ ಕಡೆ ತಲೆ ಹಾಕ್ಬೇಡಿ ಅಂದ್ರು. ನೀವೂ ಪಕ್ಕದಲ್ಲೇ ಇದ್ರಿ. ಡಾಕ್ಟರಿಗಿಂತ ಚೀಟಿ ದೊಡ್ಡದಾಯ್ತಾ? ಅವಳನ್ನ ಬಿಡ್ಲಿ ಆ ಸಾವು. ನಿಮ್ಮ ವಿಳಾಸ ಹಿಡ್ಕೊಂಡು ಜಪಾನಲ್ಲೇ ಮನೆ ಸಿಗದೆ ಅಲೀತಾ ಇರ್ಲಿ. ರೋನಿನ್ ಆಗೋದಿದ್ರೆ ಅದೇ ಆಗ್ಲಿ.

ಗಾರ್ಡು: ಭೇಷ್!

ಹೆಂಡತಿ ಪೆನ್ನು ಕೊಟ್ಟಳು. ಗಂಡ ತೊಡೆಯ ಮೇಲೆ ಚೀಟಿ ಇಟ್ಟುಕೊಂಡ. ಆಮೇಲೆ 'ಸತ್ತಳು' ಎಂಬುದರ ಮೇಲೆ ಒಂದು ಗೆರೆ ಎಳೆದ. ಸಾಲದೆನಿಸಿ ಇನ್ನೊಂದು ಎಳೆದ. ಅಕ್ಷರ ಒಂದೂ ಕಾಣದ ಹಾಗೆ ಪೂರ್ತಿ ಮಸಿ ತುಂಬಿದ.

ಗಾರ್ಡು: ಏನು ಬರೆದ್ರಿ?

ಗಂಡ: "ಹೆಂಡತಿಗೆ ಜ್ವರ ಬಂತು. ಹೆಂಡತಿ ಎದ್ದು ಕೂತಳು."

ಹೆಂಡತಿ: ಆಕಾಶ ನೋಡೋದನ್ನೂ ತೆಗೀರಿ. ಅವಳಿಗೆ ಕುಡಿಯೋಕೆ ಬಿಸಿನೀರು ಕಾಯ್ಸಲಿ ಅವನು. ಒಲೆ ಎಲ್ಲಿದೆ ಅಂತ ಗೊತ್ತಾಗ್ಲಿ.

ಗಂಡ ಹಾಗೆಯೇ ಬರೆದ. ಅಷ್ಟರಲ್ಲಿ ಹೆಂಡತಿಗೆ ಸ್ಕ್ರೂ ಸಿಕ್ಕಿತು. ಗಾರ್ಡ್ ಸಾಹೇಬರು ಅದನ್ನು ಇಷ್ಟು ಹೊತ್ತೂ ಬೂಟಿನಡಿ ಮೆಟ್ಟಿಕೊಂಡು ಕೂತಿದ್ದರು. ಕಡ್ಡಿ ಕೂಡಿತು. ಕನ್ನಡಕ ಮೂಗೇರಿತು. ಗಾರ್ಡ್ ಸಾಹೇಬರು ಮೊದಲು ಗೋಡೆಯ ಪಟದ ಕೊನೆಯ ಸಾಲು ಓದಿದರು, ಆಮೇಲೆ ಗಂಡಹೆಂಡಿರನ್ನು ನೋಡಿದರು. ನೆಲದ ಮೇಲೆ ಪಕ್ಕಪಕ್ಕ ಕೂತಿದ್ದರು. ಗಂಡನ ಅಂಗಿಯ ತೋಳು ಹೆಂಡತಿಯ ಮುಷ್ಟಿಯಲ್ಲಿತ್ತು.

ಗಾರ್ಡು: ಇಷ್ಟು ಹೊತ್ತು ಇಲ್ಲಿ ಜಗಳ ಆಗ್ತಿದೆ ಅಂದ್ಕೊಂಡಿದ್ದೆ. ಕನ್ನಡಕ ಇಲ್ಲದೆ ಏನೂ ಸರಿಯಾಗಿ ಕೇಳ್ಸಲ್ಲ ನೋಡಿ ನನಗೆ.

ಹೆಂಡತಿ ತೋಳು ಬಿಟ್ಟಳು. ಗಾರ್ಡ್ ಸಾಹೇಬರು ಹೊರಡಲು ಎದ್ದವರು, ಬಾಗಿಲಲ್ಲಿ ತಿರುಗಿ ನಿಂತರು.

ಗಾರ್ಡು: ಅಂದ ಹಾಗೆ, ಅವಳು ಎದ್ದು ಕೂತಳಲ್ಲ, ಇನ್ನು ಅವನು ಹೊರಡಬಹುದಲ್ಲ? ಹೊರಡಿಸಿ, ಕೇಳ್ಕೊಂಡೇ ಹೋಗ್ತೀನಿ.

ಗಂಡ ಹೊಸ ಚೀಟಿ ತೆಗೆದುಕೊಂಡ. ಮೂಲೆಯಲ್ಲಿ ಇವತ್ತಿನ ತಾರೀಕು ಹಾಕಿದ. ಒಂಬತ್ತು ತಿಂಗಳಿಂದ ಬಾರದ ಸಾಲು ಸಲೀಸಾಗಿ ಬಂತು.

ಗಂಡ: "ಬೆಳಗಾಯಿತು. ಸಮುರಾಯ್ ಚಪ್ಪಲಿ ಕಟ್ಟಿದ. ಕತ್ತಿ ಸಿಕ್ಕಿಸಿಕೊಂಡ. ಹೊಸ್ತಿಲು ದಾಟಿ ಹಿಂತಿರುಗಿ, 'ಹೋಗಿ ಬರ್ತೀನಿ' ಎಂದ."

ಗಾರ್ಡು: ಆಹಾ. ಅದಕ್ಕೆ ಅವಳು ಏನಂದ್ಲು?

ಗಂಡ ಹೆಂಡತಿಯ ಮುಖ ನೋಡಿದ. ಗಾರ್ಡ್ ಸಾಹೇಬರೂ ಅವಳ ಮುಖವನ್ನೇ ನೋಡಿದರು. ಹೆಂಡತಿ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಕೌಂಟರಿನ ಹಿಂದೆ ತನ್ನ ಜಾಗಕ್ಕೆ ಹೋಗಿ ಕೂತಳು.

ಹೆಂಡತಿ: "ಅವಸರ ಏನಿಲ್ಲ. ಹನ್ನೆರಡೂ ಸಂಪುಟ ಮುಗಿಸ್ಕೊಂಡೇ ಬನ್ನಿ, ಅಲ್ಲೀತನಕ ನಾನು ಹಾಯಾಗಿರ್ತೀನಿ" ಅಂದ್ಲು ಅಂತ ಬರ್ಕೊಳ್ಳಿ.